ಟೈ ಗಂಟಿನ ಕಥೆ

ನಾವು ಉಡುವ ಬಟ್ಟೆಗಳಿಗೆಲ್ಲ ಒಂದೊಂದು ಕೆಲಸವಿದೆ. ಅಂಗಿ ಮೈ ಮುಚ್ಚುತ್ತದೆ, ಪೇಟ ಬಿಸಿಲು ತಡೆಯುತ್ತದೆ, ನಡುಪಟ್ಟಿ ಪ್ಯಾಂಟು ಜಾರದಂತೆ ಹಿಡಿಯುತ್ತದೆ. ಟೈಗೆ ಮಾತ್ರ ಇಂಥ ಯಾವ ಕೆಲಸವೂ ಇಲ್ಲ. ಅದು ಚಳಿ ತಡೆಯದು, ಮೈ ಮುಚ್ಚದು, ಅದಕ್ಕೊಂದು ಜೇಬೂ ಇಲ್ಲ. ಆದರೂ ಕಾಲೇಜು ಮುಗಿಸಿ ಮೊದಲ ಸಂದರ್ಶನಕ್ಕೆ ಹೊರಟವರು ಕನ್ನಡಿಯ ಮುಂದೆ ಹೆಚ್ಚು ಹೊತ್ತು ಹೆಣಗುವುದು ಇದರ ಜೊತೆಗೇ. ಒಮ್ಮೆ ಕಟ್ಟಿದರೆ ತುದಿ ಹೊಕ್ಕುಳಿನ ಮೇಲೆಯೇ ನಿಲ್ಲುತ್ತದೆ. ಬಿಚ್ಚಿ ಮತ್ತೆ ಕಟ್ಟಿದರೆ ತೊಡೆಯ ತನಕ ಇಳಿಯುತ್ತದೆ. ಬಲ್ಲವರಿಂದ ಒಮ್ಮೆ ಗಂಟು ಹಾಕಿಸಿಕೊಂಡು, ಅದನ್ನು ಬಿಚ್ಚದೆ ತಲೆಯ ಮೇಲಿಂದ ತೆಗೆದು ಮೊಳೆಗೆ ತೂಗುಹಾಕಿ, ವರ್ಷಗಟ್ಟಲೆ ಕಾಪಾಡಿಕೊಂಡು ಬರುವವರೂ ಉಂಟು.

ಯಾವ ಗಂಟು ಸರಿಯಾದದ್ದು? ಇದು ಬರಿಯ ಶೋಕಿಯ ಪ್ರಶ್ನೆಯೆಂದು ತಳ್ಳಿಹಾಕುವ ಮುನ್ನ ಗಂಟಿನ ಚರಿತ್ರೆಯನ್ನು ಸ್ವಲ್ಪ ನೋಡೋಣ. ಬಟ್ಟೆಯ ದಪ್ಪ ಎಷ್ಟು, ಕಾಲರಿನ ಎರಡು ತುದಿಗಳ ನಡುವೆ ಜಾಗ ಎಷ್ಟು ಎಂಬ ಎರಡು ಸಂಗತಿಗಳು ಗಂಟನ್ನು ತೀರ್ಮಾನಿಸುತ್ತ ಬಂದಿವೆ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. ಅಂತಸ್ತು, ಮರ್ಯಾದೆ, ದೊಡ್ಡವರ ಹೆಸರು ಇವೆಲ್ಲ ಆಮೇಲೆ ಬಂದು ಅಂಟಿಕೊಂಡವು.

ಸಿಪಾಯಿಯ ಕೊರಳಿನಿಂದ ಅರಮನೆಗೆ

ಕೊರಳಿಗೆ ಬಟ್ಟೆ ಸುತ್ತುವ ರೂಢಿ ಬಹಳ ಹಳೆಯದು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯ ಬಳಿ 1974ರಲ್ಲಿ ಮಣ್ಣಿನ ಸೈನಿಕರ ಪ್ರತಿಮೆಗಳು ಸಾಲುಸಾಲಾಗಿ ದೊರೆತವು. ಅವರ ಕೊರಳಲ್ಲಿ ಬಟ್ಟೆಯ ಪಟ್ಟಿ ಇದೆ. ಕ್ರಿ.ಶ. 113ರಲ್ಲಿ ರೋಮಿನಲ್ಲಿ ನಿಲ್ಲಿಸಿದ ಟ್ರಾಜನ್ ಸ್ತಂಭದ ಕೆತ್ತನೆಯಲ್ಲಿಯೂ ಕೊರಳಿಗೆ ಬಟ್ಟೆ ಕಟ್ಟಿಕೊಂಡ ಸೈನಿಕರು ಕಾಣುತ್ತಾರೆ. ಎರಡು ಕಡೆಯೂ ಇದನ್ನು ಧರಿಸಿದವರು ಬಯಲಲ್ಲಿ ದುಡಿಯುವ ಸಿಪಾಯಿಗಳು ಎಂಬುದನ್ನು ಗಮನಿಸಿ.

ಇಂದಿನ ಟೈಯ ವಂಶಾವಳಿ ಶುರುವಾಗುವುದೂ ಸಿಪಾಯಿಗಳಿಂದಲೇ. 1618ರಿಂದ 1648ರವರೆಗೆ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಕ್ರೊವೇಷಿಯಾದ ಸೈನಿಕರು ಫ್ರಾನ್ಸಿನ ಪರವಾಗಿ ಕಾದಾಡಿದರು. ಅವರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಫ್ರೆಂಚರ ಕಣ್ಣಿಗೆ ಬಿತ್ತು. ಕ್ರೊವೇಷಿಯನ್ನರ ಹೆಸರೇ ಬಟ್ಟೆಗೂ ಅಂಟಿ ‘ಕ್ರವಾಟ್’ ಎಂಬ ಪದ ಬಂತು. ದೊರೆ 14ನೇ ಲೂಯಿ ಅದನ್ನು ಮೆಚ್ಚಿ ಧರಿಸಿದ ಮೇಲೆ ಒರಟು ಬಟ್ಟೆಯ ಜಾಗಕ್ಕೆ ನವಿರಾದ ನಾರುಬಟ್ಟೆಯೂ ಜಾಲರಿಯೂ ಬಂದವು. ದೊರೆಯ ಕೊರಳಪಟ್ಟಿಗಳ ಉಸ್ತುವಾರಿಗೆಂದೇ ಅರಮನೆಯಲ್ಲಿ ಒಬ್ಬ ನೌಕರನಿದ್ದ. ಕ್ರೊವೇಷಿಯಾದ ಜನ ಈ ನಂಟನ್ನು ಮರೆತಿಲ್ಲ: 2003ರಲ್ಲಿ ಪುಲಾ ನಗರದ ಪುರಾತನ ರೋಮನ್ ರಂಗಮಂದಿರದ ಸುತ್ತ ಒಂದು ಬೃಹತ್ ಟೈ ಸುತ್ತಿ ನಲಿದರು.

ಗಂಟಿನ ಸ್ವರೂಪವನ್ನು ಅಗತ್ಯವೇ ರೂಪಿಸುತ್ತದೆ ಎಂಬುದಕ್ಕೆ 1692ರ ಸ್ಟೀನ್‌ಕರ್ಕ್ ಕಾಳಗ ಒಳ್ಳೆಯ ಉದಾಹರಣೆ. ಈಗಿನ ಬೆಲ್ಜಿಯಮ್ಮಿನಲ್ಲಿರುವ ಆ ಊರಿನ ಬಳಿ ಬೀಡುಬಿಟ್ಟಿದ್ದ ಫ್ರೆಂಚರ ಮೇಲೆ ಶತ್ರುಗಳು ಹಠಾತ್ತನೆ ಎರಗಿದರು. ಕೊರಳಪಟ್ಟಿಯನ್ನು ನೀಟಾಗಿ ಕಟ್ಟಿಕೊಳ್ಳಲು ಪುರುಸೊತ್ತಿಲ್ಲದ ಅಧಿಕಾರಿಗಳು ಅದನ್ನು ಹಗ್ಗದಂತೆ ಹೊಸೆದು ತುದಿಯನ್ನು ಅಂಗಿಯ ಕಾಜಾದಲ್ಲಿ ತೂರಿಸಿ ಓಡಿದರು ಎಂಬುದು ಪ್ರತೀತಿ. ಫ್ರೆಂಚರು ಗೆದ್ದರು, ಅವಸರದ ಆ ಕಟ್ಟು ‘ಸ್ಟೀನ್‌ಕರ್ಕ್’ ಎಂಬ ಹೆಸರಿನ ಫ್ಯಾಷನ್ನಾಗಿ ಹೋಯಿತು.

ಗಂಜಿ ಹಾಕಿದ ಅಂತಸ್ತು

19ನೇ ಶತಮಾನದ ಹೊತ್ತಿಗೆ ಕೊರಳಪಟ್ಟಿ ಮನುಷ್ಯನ ಅಂತಸ್ತನ್ನು ಅಳೆಯುವ ಕೋಲಾಯಿತು. ಇದಕ್ಕೆ ಮುಖ್ಯ ಕಾರಣನಾದವನು ಲಂಡನ್ನಿನ ಜಾರ್ಜ್ ಬ್ರಮ್ಮೆಲ್. ಇವನೇನೂ ಶ್ರೀಮಂತ ಮನೆತನದವನಲ್ಲ. ಇವನ ಅಜ್ಜ ಒಬ್ಬ ಮನೆಯಾಳಾಗಿದ್ದವನು. ಆದರೆ ಉಡುಪಿನ ಅಚ್ಚುಕಟ್ಟಿನಿಂದಲೇ ಈತ ರಾಜಕುಮಾರನ ಗೆಳೆತನ ಸಂಪಾದಿಸಿದ. ಬಿಳಿಯ ಕೊರಳಬಟ್ಟೆಗೆ ಗಂಜಿ ಹಾಕಿ, ಗದ್ದವನ್ನು ನಿಧಾನವಾಗಿ ಕೆಳಗಿಳಿಸಿ ಮಡಿಕೆ ಮೂಡಿಸುವುದು ಇವನ ಕ್ರಮ. ಗಂಜಿ ಹಾಕಿದ ಬಟ್ಟೆಯಲ್ಲಿ ತಪ್ಪು ಮಡಿಕೆ ಬಿದ್ದರೆ ಅದು ಹೋಗುವುದಿಲ್ಲವಷ್ಟೆ. ಹಾಗಾಗಿ ಕೆಟ್ಟದ್ದನ್ನು ಎಸೆದು ಹೊಸದನ್ನು ತೆಗೆದುಕೊಳ್ಳಬೇಕು. ಒಂದು ಬೆಳಿಗ್ಗೆ ಮುದುಡಿದ ಬಟ್ಟೆಗಳನ್ನು ಹೊತ್ತು ಬರುತ್ತಿದ್ದ ಸೇವಕನನ್ನು ಯಾರೋ ವಿಚಾರಿಸಿದಾಗ, ಇವೆಲ್ಲ ನಮ್ಮ ಸೋಲುಗಳು ಎಂದನೆಂಬ ಕಥೆ ಪ್ರಸಿದ್ಧವಾಗಿದೆ.

ಈ ಗೀಳನ್ನು ಗೇಲಿ ಮಾಡುವ ಪುಸ್ತಿಕೆಯೊಂದು 1818ರಲ್ಲಿಯೇ ಲಂಡನ್ನಿನಲ್ಲಿ ಬಂತು. 1828ರ ಮತ್ತೊಂದು ಇಂಗ್ಲಿಷ್ ಪುಸ್ತಕ ಕೊರಳಪಟ್ಟಿ ಕಟ್ಟುವ 32 ಬಗೆಗಳನ್ನು 16 ಪಾಠಗಳಲ್ಲಿ ಕಲಿಸಿತು. ಬ್ರಮ್ಮೆಲ್ಲನ ಗತಿ ಏನಾಯಿತು? ಸಾಲ ತೀರಿಸಲಾಗದೆ 1816ರಲ್ಲಿ ಫ್ರಾನ್ಸಿಗೆ ಪಲಾಯನ ಮಾಡಿದ. 1840ರಲ್ಲಿ ಕಾನ್ ಪಟ್ಟಣದ ಆಶ್ರಮವೊಂದರಲ್ಲಿ ಬುದ್ಧಿ ಸ್ವಾಧೀನ ತಪ್ಪಿದ ಸ್ಥಿತಿಯಲ್ಲಿ ಕಣ್ಣುಮುಚ್ಚಿದ. ಲಂಡನ್ನಿನ ಬಾಗಿಲುಗಳನ್ನು ತೆರೆಸಿದ ಕೊರಳಪಟ್ಟಿ ಕಷ್ಟಕಾಲಕ್ಕೆ ನೆರವಾಗಲಿಲ್ಲ.

ಕಾಲರು ಮಡಿಚಿದಾಗ

ಅಲ್ಲಿಯವರೆಗೆ ಕೊರಳಿಗೆ ಸುತ್ತಿದ ಬಟ್ಟೆಯೆಲ್ಲ ಹೊರಗೇ ಕಾಣುತ್ತಿತ್ತು. ಈ ಸ್ಥಿತಿಯನ್ನು ಬದಲಿಸಿದ್ದು ಕಾಲರು. 1827ರಲ್ಲಿ ಅಮೆರಿಕದ ಟ್ರಾಯ್ ಪಟ್ಟಣದ ಹ್ಯಾನಾ ಮಾಂಟೆಗ್ ಎಂಬ ಗೃಹಿಣಿ, ಗಂಡನ ಅಂಗಿಯ ಕಾಲರು ಮಾತ್ರ ಕೊಳೆಯಾದಾಗ ಇಡೀ ಅಂಗಿಯನ್ನು ಒಗೆಯುವುದೇಕೆಂದು ಕಾಲರನ್ನೇ ಕತ್ತರಿಸಿ ಬೇರ್ಪಡಿಸಿದಳು ಎನ್ನುತ್ತಾರೆ. ಬಿಡಿ ಕಾಲರುಗಳ ಉದ್ಯಮ ಅಲ್ಲಿ ಎಷ್ಟು ಬೆಳೆಯಿತೆಂದರೆ ಆ ಊರಿಗೆ ‘ಕಾಲರ್ ನಗರ’ ಎಂಬ ಅಡ್ಡಹೆಸರೇ ಬಂತು. ನೆಟ್ಟಗೆ ನಿಲ್ಲುತ್ತಿದ್ದ ಕಾಲರು ಕ್ರಮೇಣ ಹೊರಕ್ಕೆ ಮಡಿಚಿಕೊಂಡಿತು. ಆಗ ಕೊರಳಪಟ್ಟಿಯ ಬಹುಭಾಗ ಮಡಿಕೆಯೊಳಗೆ ಅಡಗಿ, ಮುಂದೆ ಕಾಣುವುದು ಗಂಟು ಮತ್ತು ಕೆಳಗಿಳಿಯುವ ಪಟ್ಟಿ ಮಾತ್ರ ಎಂದಾಯಿತು. ಕಾಲರಿನ ಎರಡು ತುದಿಗಳ ನಡುವಿನ ಪುಟ್ಟ ತ್ರಿಕೋನವೇ ಗಂಟಿನ ಮನೆ. ಮನೆ ಚಿಕ್ಕದಾದರೆ ಗಂಟು ಚಿಕ್ಕದು, ದೊಡ್ಡದಾದರೆ ದೊಡ್ಡದು. ಗಂಟಿನ ಆಯ್ಕೆಯ ಮೊದಲ ಸೂತ್ರ ಹುಟ್ಟಿದ್ದು ಹೀಗೆ.

ಅದೇ ಕಾಲಕ್ಕೆ ಕಚೇರಿಗಳೂ ಕಾರ್ಖಾನೆಗಳೂ ಹೆಚ್ಚಿದವು. ಬೆಳಿಗ್ಗೆ ಕಟ್ಟಿದರೆ ಸಂಜೆಯವರೆಗೆ ನಿಲ್ಲುವ, ಸೇವಕರ ಸಹಾಯವಿಲ್ಲದೆ ಕಟ್ಟಿಕೊಳ್ಳಬಹುದಾದ ಗಂಟು ಗುಮಾಸ್ತರಿಗೆ ಬೇಕಾಗಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ‘ಫೋರ್ ಇನ್ ಹ್ಯಾಂಡ್’ ಆ ಅಗತ್ಯವನ್ನು ಪೂರೈಸಿತು. ನಾಲ್ಕು ಕುದುರೆಗಳ ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು ಗಾಡಿ ಓಡಿಸುವವರಿಗೂ ಈ ಹೆಸರಿಗೂ ಇರುವ ಸಂಬಂಧವನ್ನು ಹಲವು ಬಗೆಯಲ್ಲಿ ಹೇಳುತ್ತಾರೆ.

ಟೈ ಒಂದು ಗುಂಪಿನ ಗುರುತಾದದ್ದೂ ಆಗಲೇ. 1880ರಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ದೋಣಿಸ್ಪರ್ಧಿಗಳು ತಮ್ಮ ಹ್ಯಾಟಿನ ಬಣ್ಣದ ಪಟ್ಟಿಗಳನ್ನು ಬಿಚ್ಚಿ ಕೊರಳಿಗೆ ಕಟ್ಟಿಕೊಂಡರು. ಬಳಿಕ ಅದೇ ಬಣ್ಣಗಳಲ್ಲಿ ಟೈ ಮಾಡಿಸಿಕೊಂಡರು. ನಮ್ಮ ಶಾಲೆಗಳ ಮಕ್ಕಳು ಎಲಾಸ್ಟಿಕ್ ದಾರಕ್ಕೆ ಸಿದ್ಧ ಗಂಟು ಹೊಲಿದ ಪಟ್ಟೆಪಟ್ಟೆ ಟೈ ಸಿಕ್ಕಿಸಿಕೊಂಡು ಹೋಗುತ್ತಾರಲ್ಲ, ಅದರ ಮೂಲ ಇಂಥ ಕಾಲೇಜು ಟೈಗಳಲ್ಲಿದೆ.

ಓರೆಯಾಗಿ ಕತ್ತರಿಸಿದ ಬಟ್ಟೆ

ಇಲ್ಲೊಂದು ಸಣ್ಣ ಪ್ರಯೋಗ ಮಾಡಿ. ಒಂದು ಹತ್ತಿಯ ಕರವಸ್ತ್ರವನ್ನು ಅಂಚಿನ ಉದ್ದಕ್ಕೆ ಹಿಡಿದು ಎಳೆಯಿರಿ, ಹೆಚ್ಚು ಹಿಗ್ಗುವುದಿಲ್ಲ. ಈಗ ಎದುರುಬದುರು ಮೂಲೆಗಳನ್ನು ಹಿಡಿದು ಎಳೆಯಿರಿ. ಚೆನ್ನಾಗಿ ಹಿಗ್ಗುತ್ತದೆ, ಬಿಟ್ಟರೆ ಹಿಂದಿರುಗುತ್ತದೆ. ನೇಯ್ಗೆಯಲ್ಲಿ ಹಾಸು ಹೊಕ್ಕುಗಳು ಪುಟ್ಟ ಚೌಕಗಳಾಗಿ ಕೂತಿರುತ್ತವೆ. ನೂಲಿನ ದಿಕ್ಕಿಗೆ ಎಳೆದರೆ ನೂಲೇ ಹಿಗ್ಗಬೇಕು. ಓರೆಯಾಗಿ ಎಳೆದರೆ ಚೌಕಗಳು ವಾಲಿ ಡೈಮಂಡ್ ಆಕಾರಕ್ಕೆ ತಿರುಗುತ್ತವೆ, ಅಷ್ಟೆ.

ನ್ಯೂಯಾರ್ಕಿನ ಟೈ ತಯಾರಕ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಈ ಗುಣವನ್ನೇ ಬಳಸಿಕೊಂಡ. ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಮೂರು ತುಂಡುಗಳಲ್ಲಿ ಕತ್ತರಿಸಿ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಹೀಗೆ ಹೊಲಿದ ಟೈ ಗಂಟು ಬಿಗಿದಾಗ ಹಿಗ್ಗಿ ಬಿಚ್ಚಿದಾಗ ಮೊದಲಿನಂತಾಗುತ್ತದೆ. ತಿರುಚಿಕೊಳ್ಳದೆ ನೇರವಾಗಿ ಇಳಿಬೀಳುತ್ತದೆ. ಟೈಯ ಒಳಗೆ ಒಂದು ಉಣ್ಣೆಯ ಅಸ್ತರಿಯನ್ನೂ ಇಡುತ್ತಾರೆ. ಗಂಟಿನ ಗಾತ್ರವನ್ನು ನಿರ್ಧರಿಸುವಲ್ಲಿ ಹೊರಗೆ ಕಾಣುವ ರೇಷ್ಮೆಯಷ್ಟೇ ಪಾತ್ರ ಒಳಗಿನ ಈ ಅಸ್ತರಿಗೂ ಇದೆ.

ದೊರೆಯ ಹೆಸರಿನ ಗಂಟು

ಬ್ರಿಟನ್ನಿನ ದೊರೆ 8ನೇ ಎಡ್ವರ್ಡ್ 1936ರ ಡಿಸೆಂಬರಿನಲ್ಲಿ ಸಿಂಹಾಸನ ತ್ಯಜಿಸಿ ಡ್ಯೂಕ್ ಆಫ್ ವಿಂಡ್ಸರ್ ಎನಿಸಿಕೊಂಡ. ಅವನ ಕೊರಳಲ್ಲಿ ದಪ್ಪನೆಯ, ಎರಡೂ ಕಡೆ ಸಮನಾದ ಗಂಟು ಕಾಣುತ್ತಿತ್ತು. ಅದನ್ನು ಅನುಕರಿಸಲು ಹೊರಟವರು ಟೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೆಚ್ಚಾಗಿ ಸುತ್ತಿ ಒಂದು ದೊಡ್ಡ ಗಂಟನ್ನು ರೂಪಿಸಿದರು. ಅದೇ ‘ವಿಂಡ್ಸರ್’ ಗಂಟು. ತಮಾಷೆಯೆಂದರೆ, ಆ ಗಂಟನ್ನು ತಾನು ಕಟ್ಟಿದ್ದೇ ಇಲ್ಲವೆಂದು ಡ್ಯೂಕ್ 1960ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ತಿಳಿಸಿದ. ಅವನು ಕಟ್ಟುತ್ತಿದ್ದುದು ಗುಮಾಸ್ತರ ಸಾಮಾನ್ಯ ಗಂಟನ್ನೇ. ಟೈಯ ಒಳಗೆ ದಪ್ಪ ಅಸ್ತರಿ ಹಾಕಿಸುತ್ತಿದ್ದ. ಜನ ಗಂಟನ್ನು ಅನುಕರಿಸಿದರು, ಗುಟ್ಟು ಬಟ್ಟೆಯಲ್ಲಿತ್ತು. ಬಟ್ಟೆ ದಪ್ಪವಾದರೆ ಸರಳ ಗಂಟೂ ದೊಡ್ಡದಾಗಿ ಕಾಣುತ್ತದೆ ಎಂಬ ಎರಡನೆಯ ಸೂತ್ರವನ್ನು ಈ ಪ್ರಸಂಗದಿಂದ ಕಲಿಯಬಹುದು.

ಕಿರುತೆರೆಯಲ್ಲಿ ಕಂಡ ಗಂಟು

ದೂರದರ್ಶನಕ್ಕೂ ಟೈ ಗಂಟಿಗೂ ವಿಶೇಷ ನಂಟಿದೆ. ವಾರ್ತೆ ಓದುವವರನ್ನು ಕ್ಯಾಮೆರಾ ಎದೆಯಿಂದ ಮೇಲಕ್ಕೆ ಮಾತ್ರ ತೋರಿಸುವುದರಿಂದ, ಬಿಗಿದ ಗಂಟು ಚೌಕಟ್ಟಿನ ನಟ್ಟನಡುವೆ ಮುಖದ ಕೆಳಗೇ ಬರುತ್ತದೆ. ಗಂಟು ಒಂದು ಬೆರಳಿನಷ್ಟು ವಾರೆಯಾದರೂ ವೀಕ್ಷಕರ ಕಣ್ಣು ಮಾತಿನಿಂದ ಅಲ್ಲಿಗೆ ಜಾರುತ್ತದೆ. ಟೈಯಲ್ಲಿ ತೀರ ಸಣ್ಣ ಗೆರೆಗಳಿದ್ದರೆ ಅವು ಚಿತ್ರವನ್ನು ಕಟ್ಟುವ ಸಾಲುಗಳೊಂದಿಗೆ ತಾಕಲಾಡಿ ಅಲೆಅಲೆಯಾಗಿ ಮಿನುಗುತ್ತವೆ. ‘ಮೊಯ್ರೆ’ ಎಂಬ ಈ ಪರಿಣಾಮದಿಂದಾಗಿಯೇ ಸ್ಟುಡಿಯೋಗೆ ಬರುವ ಅತಿಥಿಗಳಿಗೆ ಸಣ್ಣ ಗೆರೆಯ ಬಟ್ಟೆ ಬೇಡವೆಂದು ಮೊದಲೇ ಹೇಳಿರುತ್ತೇವೆ.

ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಡಾನ್ ಶೆಲ್ಬಿ ಎಂಬ ವಾರ್ತಾವಾಚಕರಿದ್ದರು. ಅವರ ಟೈ ಗಂಟು ಕಾಲರಿಗೆ ಒಪ್ಪುತ್ತಿಲ್ಲವೆಂದು ಜೆರಿ ಪ್ರಾಟ್ ಎಂಬ ವೃದ್ಧ ವೀಕ್ಷಕರಿಗೆ ಅನ್ನಿಸಿತು. ವಯಸ್ಸು ತೊಂಬತ್ತು ದಾಟಿದ್ದರೂ ಪ್ರಾಟ್ ಸುಮ್ಮನಿರಲಿಲ್ಲ. ತಾವು ಬಹುಕಾಲದಿಂದ ಕಟ್ಟುತ್ತಿದ್ದ ಗಂಟನ್ನು ಶೆಲ್ಬಿಯವರಿಗೆ ಕಲಿಸಿದರು. ಟೈಯ ಹೊಲಿಗೆಯ ಬದಿಯನ್ನು ಹೊರಗೆ ಮಾಡಿ ಶುರುಮಾಡುವ ಈ ಗಂಟು ಸಮವಾಗಿಯೂ ಮಧ್ಯಮ ಗಾತ್ರದಲ್ಲಿಯೂ ಬರುತ್ತದೆ, ಉದ್ದವನ್ನೂ ಹೆಚ್ಚು ತಿನ್ನುವುದಿಲ್ಲ. 1989ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದನ್ನು ಮುಖಪುಟದಲ್ಲಿ ವರದಿ ಮಾಡಿತು. ಐವತ್ತು ವರ್ಷಗಳ ಬಳಿಕ ಬಂದ ಹೊಸ ಗಂಟು ಎಂದು ಜನ ಬೆರಗಾದರು. ವಿಂಡ್ಸರ್ ಗಂಟಿಗೆ ದೊರೆಯ ಹೆಸರು ಬಂದರೆ, ಇದಕ್ಕೆ ಸಾಮಾನ್ಯ ವೀಕ್ಷಕರೊಬ್ಬರ ಹೆಸರು ಬಂತು.

ಎಂಬತ್ತೈದು ದಾರಿ

ಹಾಗಾದರೆ ಒಟ್ಟು ಎಷ್ಟು ಗಂಟುಗಳು ಸಾಧ್ಯ? ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದ ಭೌತವಿಜ್ಞಾನಿಗಳಾದ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಲೆಕ್ಕ ಒಪ್ಪಿಸಿದರು. ಟೈಯ ಅಗಲ ತುದಿ ಪ್ರತಿ ಹೆಜ್ಜೆಗೂ ಎಡ, ಬಲ, ನಡು ಎಂಬ ಮೂರು ಜಾಗಗಳಲ್ಲಿ ಒಂದಕ್ಕೆ ಹೋಗಬಹುದು. ಇದ್ದ ಜಾಗದಲ್ಲೇ ಇರುವಂತಿಲ್ಲ. ಒಮ್ಮೆ ಮುಂದಿನಿಂದ ಬಂದರೆ ಮರುಸಲ ಹಿಂದಿನಿಂದ ಬರಬೇಕು. ಕೊನೆಗೆ ಮುಂಭಾಗದಲ್ಲಿ ಅಡ್ಡ ಹಾಯ್ದು, ನಡುವಿನಿಂದ ಮೇಲೆದ್ದು, ಆ ಅಡ್ಡಪಟ್ಟಿಯೊಳಗೆ ತೂರಿ ಇಳಿಯಬೇಕು. ಅಮಲೇರಿದವನು ಎತ್ತೆತ್ತಲೋ ಇಡುವ ಹೆಜ್ಜೆಗಳನ್ನು ಲೆಕ್ಕಹಾಕಲು ಭೌತವಿಜ್ಞಾನದಲ್ಲಿ ಬಳಸುವ ‘ಯಾದೃಚ್ಛಿಕ ನಡಿಗೆ’ಯ ಗಣಿತವನ್ನೇ ಅವರು ಟೈಗೂ ಹಚ್ಚಿದರು.

ಗಂಟಾಗಲು ಕನಿಷ್ಠ 3 ಹೆಜ್ಜೆ ಬೇಕು. ಟೈಯ ಉದ್ದ ಸಾಲದೆ ಹೋಗುವುದರಿಂದ 9ಕ್ಕೆ ಮಿತಿ ಹಾಕಿಕೊಂಡರು. 3 ಹೆಜ್ಜೆಯಿಂದ 9 ಹೆಜ್ಜೆಯವರೆಗೆ ಸಾಧ್ಯವಾಗುವ ಗಂಟುಗಳ ಸಂಖ್ಯೆ ಕ್ರಮವಾಗಿ 1, 1, 3, 5, 11, 21, 43. ಕೂಡಿದರೆ 85. ಈ ಸಂಖ್ಯೆಗಳಲ್ಲಿ ಒಂದು ಸೊಗಸಿದೆ: ಮೂರನೆಯದರಿಂದ ಆಚೆಗೆ ಪ್ರತಿಯೊಂದೂ ತನ್ನ ಹಿಂದಿನ ಸಂಖ್ಯೆಗೆ ಅದಕ್ಕೂ ಹಿಂದಿನದರ ಎರಡರಷ್ಟನ್ನು ಸೇರಿಸಿದರೆ ಬರುತ್ತದೆ. 11 ಎಂದರೆ 5ಕ್ಕೆ 3ರ ಎರಡರಷ್ಟು ಸೇರಿಸಿದ್ದು. ಉಳಿದವನ್ನು ನೀವೇ ತಾಳೆ ನೋಡಿ.

ಈ ಲೆಕ್ಕದಲ್ಲಿ ಫೋರ್ ಇನ್ ಹ್ಯಾಂಡ್ 4 ಹೆಜ್ಜೆಯ ಗಂಟು, ಪ್ರಾಟ್ 5, ಅರೆ ವಿಂಡ್ಸರ್ 6, ವಿಂಡ್ಸರ್ 8. ಎಡಬಲಗಳ ಸಮತೆಯನ್ನೂ ಹೆಜ್ಜೆಗಳ ಹದವಾದ ಬೆರಕೆಯನ್ನೂ ಅಳೆದು ನೋಡಿದರೆ 85ರಲ್ಲಿ ಕಣ್ಣಿಗೆ ಒಪ್ಪುವವು ಕೆಲವೇ. ಜನ ಕೈಯಂದಾಜಿನಲ್ಲಿ ಆರಿಸಿಕೊಂಡ ನಾಲ್ಕೂ ಆ ಕೆಲವರಲ್ಲಿ ಸೇರಿವೆ ಎಂಬುದು ಸಂತೋಷದ ಸಂಗತಿ. ಗಂಟಿನ ಮುಂಭಾಗ ಸರಳವಾಗಿರಬೇಕೆಂಬ ಕಟ್ಟಳೆಯನ್ನು ಬಿಟ್ಟುಕೊಟ್ಟರೆ ಲೆಕ್ಕ ಬಹಳ ದೂರ ಹೋಗುತ್ತದೆ. 2003ರ ಚಲನಚಿತ್ರ ‘ದಿ ಮ್ಯಾಟ್ರಿಕ್ಸ್ ರೀಲೋಡೆಡ್’ನ ಪಾತ್ರವೊಂದರ ವಿಚಿತ್ರ ಟೈಯಿಂದ ಪ್ರೇರಿತರಾದ ಗಣಿತಜ್ಞರ ತಂಡವೊಂದು 2015ರಲ್ಲಿ 2,66,682 ಗಂಟುಗಳನ್ನು ಎಣಿಸಿತು.

ನಮ್ಮ ಟೈಗೆ ಯಾವುದು?

ಲಕ್ಷಗಟ್ಟಲೆ ಇದ್ದರೂ ನಮಗೆ ಬೇಕಾದದ್ದು ಎರಡೋ ಮೂರೋ. ಮೊದಲು ಕಾಲರು ನೋಡಿ. ತುದಿಗಳು ಹತ್ತಿರ ಹತ್ತಿರವಿದ್ದು ಕೆಳಮುಖವಾಗಿದ್ದರೆ, ಅಥವಾ ತುದಿಗೆ ಗುಂಡಿ ಹಾಕುವ ಕಾಲರಾದರೆ, ಫೋರ್ ಇನ್ ಹ್ಯಾಂಡ್ ಸಾಕು. ಅಲ್ಲಿ ವಿಂಡ್ಸರ್ ತುರುಕಿದರೆ ಕಾಲರಿನ ತುದಿಗಳು ಮೇಲಕ್ಕೇಳುತ್ತವೆ. ತುದಿಗಳು ಭುಜದ ಕಡೆಗೆ ಚಾಚಿದ್ದರೆ ವಿಂಡ್ಸರ್ ಒಪ್ಪುತ್ತದೆ. ಅಲ್ಲಿ ಸಣ್ಣ ಗಂಟು ಕಟ್ಟಿದರೆ ಅಕ್ಕಪಕ್ಕ ಕೊರಳಪಟ್ಟಿ ಬಯಲಾಗುತ್ತದೆ. ಇವೆರಡರ ನಡುವಿನ ಸಾಮಾನ್ಯ ಕಾಲರಿಗೆ ಪ್ರಾಟ್ ಅಥವಾ ಅರೆ ವಿಂಡ್ಸರ್.

ಆಮೇಲೆ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಉಣ್ಣೆ, ಹೆಣೆದ ಬಟ್ಟೆ, ದಪ್ಪ ರೇಷ್ಮೆಗೆ ಕಡಿಮೆ ಸುತ್ತು. ತೆಳುವಾದ ರೇಷ್ಮೆ ಅಥವಾ ಪಾಲಿಯೆಸ್ಟರಿಗೆ ಒಂದೆರಡು ಸುತ್ತು ಹೆಚ್ಚು. ಟೈ ಸಾಮಾನ್ಯವಾಗಿ 145ರಿಂದ 150 ಸೆಂಟಿಮೀಟರ್ ಉದ್ದವಿರುತ್ತದೆ. ವಿಂಡ್ಸರ್ ಹೆಚ್ಚು ಉದ್ದವನ್ನು ನುಂಗುವುದರಿಂದ ಎತ್ತರದ ಆಳಿಗೆ ಟೈ ಗಿಡ್ಡವಾಗಬಹುದು.

ಒಂದೇ ಗಂಟು ಕಲಿಯುವುದಾದರೆ ಫೋರ್ ಇನ್ ಹ್ಯಾಂಡ್ ಕಲಿಯಿರಿ. ಅಗಲ ತುದಿ ಬಲಗಡೆ, ಕಿರಿದಾದ ತುದಿಗಿಂತ ಸುಮಾರು ಒಂದು ಅಡಿ ಕೆಳಗಿರಲಿ. ಅಗಲ ತುದಿಯನ್ನು ಕಿರಿದರ ಮೇಲೆ ಹಾಯಿಸಿ ಎಡಕ್ಕೆ ತನ್ನಿ. ಹಿಂದಿನಿಂದ ಬಲಕ್ಕೆ ತನ್ನಿ. ಮತ್ತೆ ಮುಂದಿನಿಂದ ಎಡಕ್ಕೆ. ಈಗ ಕೊರಳ ಕುಣಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಮುಂದೆ ಅಡ್ಡಬಂದ ಪಟ್ಟಿಯೊಳಗಿಂದ ಕೆಳಕ್ಕಿಳಿಸಿ. ಕಿರಿದಾದ ತುದಿಯನ್ನು ಹಿಡಿದು ಗಂಟನ್ನು ಮೇಲಕ್ಕೆ ಸರಿಸಿ. ತುದಿ ನಡುಪಟ್ಟಿಯನ್ನು ಮುಟ್ಟಿದರೆ ಸರಿ. ಇಲ್ಲವಾದರೆ ಶುರುವಿನಲ್ಲಿ ಬಿಟ್ಟ ಅಂತರವನ್ನು ಹೆಚ್ಚು ಕಡಿಮೆ ಮಾಡಿ. ಈ ಗಂಟು ಒಂದು ಕಡೆಗೆ ತುಸು ವಾಲಿರುತ್ತದೆ. ಅದು ದೋಷವಲ್ಲ, ಅದರ ಸ್ವಭಾವ.

ಕೊರಳಿಗೆ ಹೊರೆಯಾಗದಿರಲಿ

ದನದ ಕೊರಳಿಗೆ ಜೀರುಗುಣಿಕೆ ಹಾಕಬಾರದೆಂದು ನಮ್ಮ ರೈತರು ಬಲ್ಲರು. ಎಳೆದಷ್ಟೂ ಅದು ಬಿಗಿಯುತ್ತದೆ. ಟೈ ಕೂಡ ಜೀರುವ ಕುಣಿಕೆಯೇ. 2018ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯರು 15 ಯುವಕರಿಗೆ ವಿಂಡ್ಸರ್ ಗಂಟನ್ನು ಬಿಗಿಯಾಗಿ ಕಟ್ಟಿಸಿ ಪರೀಕ್ಷಿಸಿದಾಗ ಮಿದುಳಿಗೆ ಹರಿಯುವ ರಕ್ತ ಸರಾಸರಿ ಶೇ. 7.5ರಷ್ಟು ಇಳಿದಿತ್ತು. ಆರೋಗ್ಯವಂತರಿಗೆ ಇದರಿಂದ ಗಾಬರಿಯಿಲ್ಲ. ಆದರೂ ಕಾಲರು ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ತಿರುಗುವ ಯಂತ್ರಗಳ ಬಳಿ ಟೈ ಬೇಡವೇ ಬೇಡ. ಸೋಂಕು ತಗ್ಗಿಸಲೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ವೈದ್ಯರಿಗೂ ರೋಗಿಗಳ ಬಳಿ ಟೈ ಬೇಡವೆಂದು ಸೂಚಿಸಿತು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿದೆ. ಪರರ ನೋಟಕ್ಕೆ ನಾವು ಎಷ್ಟು ಹೆದರಬೇಕು ಎಂಬುದೇ ಪ್ರಶ್ನೆ. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳನ್ನು ನೋಡಿ: ಕೊರಳಲ್ಲಿ ಟೈ, ತಲೆಯ ಮೇಲೆ ಮೈಸೂರು ಪೇಟ. ಪರದೇಶದ ಗಂಟನ್ನು ಕಟ್ಟಿಕೊಳ್ಳಲು ನಮ್ಮ ಗಂಟನ್ನು ಬಿಚ್ಚಬೇಕಾಗಿಲ್ಲವೆಂದು ಆ ಚಿತ್ರಗಳು ಹೇಳುತ್ತವೆ. ಕಚ್ಚೆಪಂಚೆ ಉಡಬಲ್ಲ, ಪೇಟ ಸುತ್ತಬಲ್ಲ ನಾಡಿನ ಮಕ್ಕಳಿಗೆ ನಾಲ್ಕು ಹೆಜ್ಜೆಯ ಗಂಟೊಂದು ಕಷ್ಟದ ವಿದ್ಯೆಯಲ್ಲ. ಹಳ್ಳಿಯಿಂದ ಬಂದು ಸಂದರ್ಶನದ ಕೋಣೆಯ ಹೊರಗೆ ಕೂತ ವಿದ್ಯಾರ್ಥಿಗೆ ಪಕ್ಕದವನ ವಿಂಡ್ಸರ್ ಗಂಟು ಕಂಡು ಎದೆ ನಡುಗಿದರೆ, ಆ ಗಂಟಿನ ಕಥೆಯನ್ನು ನೆನೆದುಕೊಳ್ಳಲಿ. ಯಾರ ಹೆಸರು ಹೊತ್ತಿದೆಯೋ ಆ ದೊರೆಯೇ ಅದನ್ನು ಕಟ್ಟುತ್ತಿರಲಿಲ್ಲ.